ಎಲೆಯ ತುದಿಯ ಉಪ್ಪು

ಕಿಡ್ನಿಯ ತೊಂದರೆ ಇರುವವರ ಮನೆಯಲ್ಲಿ ಸಾರಿಗೂ ಪಲ್ಯಕ್ಕೂ ಉಪ್ಪು ಕಡಿಮೆ ಹಾಕುವುದು ಅಷ್ಟೇನೂ ಕಷ್ಟವಲ್ಲ. ಎಲೆಯ ತುದಿಗೆ ಬಡಿಸುವ ಉಪ್ಪಿನಕಾಯಿ, ಚಟ್ನಿಪುಡಿ, ಹಪ್ಪಳಗಳ ಲೆಕ್ಕ ಹಿಡಿಯುವುದೇ ಕಷ್ಟ. ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಮನೆಯಲ್ಲಿ ಇವುಗಳ ಜೊತೆಗೆ ವಡಾಪಾವಿನ ಒಣ ಬೆಳ್ಳುಳ್ಳಿ ಚಟ್ನಿಯೂ, ಮಗನಿಗೆ ದೋಸೆಗೂ ಬೇಕಾಗುವ ಶೆಜ್ವಾನ್ ಚಟ್ನಿಯೂ ಸೇರಿಕೊಂಡಿವೆ.

ನಮ್ಮ ಯಜಮಾನರಿಗೆ ವೈದ್ಯರು ಹೇಳಿರುವ ಮಿತಿ ದಿನಕ್ಕೆ 2 ಗ್ರಾಂಗಿಂತ ಕಡಿಮೆ ಸೋಡಿಯಂ, ಅಂದರೆ ಎಲ್ಲವೂ ಸೇರಿ 5 ಗ್ರಾಂ ಒಳಗಿನ ಉಪ್ಪು. ಬಾಟಲಿಯ ಲೇಬಲ್ಲಿನಲ್ಲಿ ಸೋಡಿಯಂ ಎಷ್ಟೆಂದು ಬರೆದಿರುತ್ತದೆ, ಅದನ್ನು 2.5ರಿಂದ ಗುಣಿಸಿದರೆ ಉಪ್ಪಿನ ಪ್ರಮಾಣ ಸಿಗುತ್ತದೆ. ಒಂದು ದೊಡ್ಡ ಚಮಚ ಸೋಯಾ ಸಾಸಿನಲ್ಲಿ ಸುಮಾರು 900 ಮಿಲಿಗ್ರಾಂ ಸೋಡಿಯಂ ಇರುವುದರಿಂದ, ಒಂದು ತಟ್ಟೆ ನೂಡಲ್ಸಿಗೆ ಅದನ್ನು ಸುರಿದರೆ ದಿನದ ಪಾಲಿನ ಹತ್ತಿರಹತ್ತಿರ ಅರ್ಧ ಅಲ್ಲಿಗೇ ಮುಗಿಯಿತು. ಹಪ್ಪಳದ ಸಂಗತಿ ಇನ್ನೂ ಮೋಸದ್ದು, ಏಕೆಂದರೆ ಉಪ್ಪನ್ನು ಬಿಟ್ಟರೂ ಹಿಟ್ಟಿಗೆ ಸೇರಿಸುವ ಪಾಪಡ್‌ಖಾರ ಎಂಬ ಸೋಡಾದಂಥ ಕ್ಷಾರದಲ್ಲಿ ಸೋಡಿಯಂ ಇದ್ದೇ ಇರುತ್ತದೆ. ಊರಿನಿಂದ ಬರುವ ಭರಣಿಗಳಿಗಂತೂ ಲೇಬಲ್ಲೇ ಇಲ್ಲ.

ನಾದಿನಿ ಪ್ರೀತಿಯಿಂದ ತಂದುಕೊಟ್ಟ ಕಡಿಮೆ ಸೋಡಿಯಂ ಉಪ್ಪಿನ ಪೊಟ್ಟಣವನ್ನು ನಾನು ಬಳಸಲಿಲ್ಲ. ಅದರಲ್ಲಿ ಸೋಡಿಯಂನ ಬದಲಿಗೆ ಪೊಟ್ಯಾಸಿಯಂ ಕ್ಲೋರೈಡ್ ಬೆರೆಸಿರುತ್ತಾರೆ. ಸೋತ ಕಿಡ್ನಿ ಪೊಟ್ಯಾಸಿಯಂ ಅನ್ನು ಸರಿಯಾಗಿ ಹೊರಹಾಕಲಾರದೆ ರಕ್ತದಲ್ಲಿ ಅದು ಏರಿದರೆ ಹೃದಯದ ಬಡಿತವೇ ತಪ್ಪಬಹುದು. ವೈದ್ಯರನ್ನು ಕೇಳದೆ ಅಂಥ ಉಪ್ಪನ್ನು ಯಾರೂ ಮುಟ್ಟಬಾರದೆಂಬುದು ನನ್ನ ಖಚಿತ ಅಭಿಪ್ರಾಯ.

ಒಂದು ಊಟಕ್ಕೆ ಒಂದೇ ಉಪ್ಪಿನ ಪದಾರ್ಥ ಎಂಬ ನಿಯಮ ನಮಗೆ ಒಗ್ಗಿದೆ. ಗಂಜಿಗೆ ಉಪ್ಪು ಹಾಕದೆ ಮಾವಿನ ಮಿಡಿಯ ಒಂದು ಚೂರನ್ನು ಬದಿಗಿಟ್ಟರೆ, ಉಪ್ಪು ನೇರವಾಗಿ ನಾಲಿಗೆಗೆ ತಾಗುವುದರಿಂದ ಅಷ್ಟರಲ್ಲೇ ತೃಪ್ತಿಯಾಗುತ್ತದೆ. ಉಳಿದ ದಿನಗಳಲ್ಲಿ ಎಳೆ ಶುಂಠಿಯನ್ನು ಕಡ್ಡಿಗಳಂತೆ ಸಣ್ಣಗೆ ಹೆಚ್ಚಿ ನಿಂಬೆರಸದಲ್ಲಿ ನೆನೆಸುತ್ತೇನೆ. ಅದು ನಸುಗೆಂಪಾಗುತ್ತಾ ಬಂದಾಗ ಸಾಸಿವೆ, ಇಂಗಿನ ಒಗ್ಗರಣೆ ಕೊಡುತ್ತೇನೆ. "ಉಪ್ಪೇ ಇಲ್ಲದ್ದಕ್ಕೆ ಉಪ್ಪಿನಕಾಯಿ ಅಂತ ಹೇಳಬೇಡ ಮಾರಾಯ್ತಿ" ಎನ್ನುತ್ತಲೇ ಇವರು ಇನ್ನೊಮ್ಮೆ ಬಡಿಸಿಕೊಳ್ಳುತ್ತಾರೆ. ಹುಳಿಗೆಂದು ಕೋಕಂ, ಅಂದರೆ ಪುನರ್ಪುಳಿ, ಕೊಳ್ಳುವಾಗ ಉಪ್ಪು ಸೇರಿಸದ ಒಣಸಿಪ್ಪೆಯನ್ನು ಕೇಳಿ ತರಬೇಕು; ಬಾಟಲಿಯಲ್ಲಿ ಸಿಗುವ ಕೋಕಂ ಆಗಳ, ಅಂದರೆ ಅದರ ಗಟ್ಟಿ ರಸ, ಬಹಳ ಉಪ್ಪು.

ಹುಳಿಯೆಂದರೆ ಇನ್ನೊಂದು ಮಾತನ್ನು ಹೇಳಲೇಬೇಕು. ಕೈಗಾಡಿಯವರು ಉಪ್ಪು, ಖಾರ ಸವರಿ ಕೊಡುವ ಕಮರಖ್, ಅಂದರೆ ನಮ್ಮ ಕರಾವಳಿಯ ದಾರೆಹುಳಿ, ಉಪ್ಪಿಲ್ಲದೆಯೂ ಕಿಡ್ನಿ ರೋಗಿಗಳಿಗೆ ವಿಷವೇ ಸರಿ. ಅದರಲ್ಲಿರುವ ನರಗಳಿಗೆ ಮಾರಕವಾದ ಅಂಶವನ್ನು ಕಿಡ್ನಿ ಹೊರಹಾಕದಿದ್ದರೆ ಬಿಡದ ಬಿಕ್ಕಳಿಕೆ, ಗೊಂದಲ, ಅಪಸ್ಮಾರದವರೆಗೂ ಹೋಗಬಹುದು. ಆದ್ದರಿಂದ ದಾರೆಹುಳಿಯ ಚಟ್ನಿಯಾಗಲಿ ಉಪ್ಪಿನಕಾಯಿಯಾಗಲಿ ನಮ್ಮ ಮನೆಯಲ್ಲಿ ಚೂರು ಅಳತೆಗೂ ಇಲ್ಲ.