ಆ ಸಮುದ್ರ ಬದಲಾಗುವುದೇ ಇಲ್ಲವೇ?

ಕಳೆದ ವರ್ಷ ಬೆಂಗಳೂರಿನಲ್ಲಿ ವಾತಾವರಣ ಮತ್ತು ಸಾಗರ ವಿಜ್ಞಾನದ ಸಂಶೋಧನಾ ವಿದ್ಯಾರ್ಥಿಗಳೇ ಕೂಡಿ ನಡೆಸಿದ ಎರಡು ದಿನಗಳ ಸಮ್ಮೇಳನದಲ್ಲಿ ನಾನೂ ಒಂದು ಪೋಸ್ಟರ್ ಇಟ್ಟಿದ್ದೆ. ಅದರ ಮುಂದೆ ಹತ್ತು ನಿಮಿಷ ನಿಂತ ಸಾಗರ ವಿಭಾಗದ ವಿದ್ಯಾರ್ಥಿಯೊಬ್ಬ ಕೇಳಿದ ಒಂದು ಪ್ರಶ್ನೆಯಿಂದ ನನ್ನ ಪಿಎಚ್‌.ಡಿ. ಕೆಲಸ ಬೇರೆ ದಾರಿ ಹಿಡಿಯಿತು. ಆ ಪ್ರಶ್ನೆ ಏನು, ಅದು ಆ ಸಭಾಂಗಣದಲ್ಲಿ ಮಾತ್ರ ಏಕೆ ಹುಟ್ಟಿತು ಎಂಬುದನ್ನು ಬರೆದಿಡಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ.

ನಮ್ಮ ಕ್ಷೇತ್ರದಲ್ಲಿ ಗಾಳಿಯವರು, ನೀರಿನವರು ಎಂದು ಎರಡು ಗುಂಪುಗಳಿವೆ. ಗಾಳಿಯವರು ಉಪಗ್ರಹದ ದತ್ತಾಂಶವನ್ನೂ ಕಂಪ್ಯೂಟರ್ ಮಾದರಿಗಳನ್ನೂ ನೆಚ್ಚಿಕೊಂಡವರು. ನೀರಿನವರಲ್ಲಿ ಹಲವರು ತಿಂಗಳುಗಟ್ಟಲೆ ಹಡಗಿನಲ್ಲಿದ್ದು, ಹಗಲು ರಾತ್ರಿಯೆನ್ನದೆ ಉಪಕರಣವನ್ನು ಆಳಕ್ಕಿಳಿಸಿ, ಉಷ್ಣತೆ ಮತ್ತು ಲವಣಾಂಶಗಳನ್ನು ಮೀಟರ್ ಮೀಟರಿಗೆ ಅಳೆದುಕೊಂಡು ಬಂದವರು. ಒಂದೇ ಕಟ್ಟಡದಲ್ಲಿ ಕೆಲಸ ಮಾಡಿದರೂ ಒಬ್ಬರ ಸೆಮಿನಾರಿಗೆ ಇನ್ನೊಬ್ಬರು ಹೋಗುವುದು ಕಡಿಮೆ. ವಿದ್ಯಾರ್ಥಿ ಸಮ್ಮೇಳನದಲ್ಲಿ ಮಾತ್ರ ಹಾಗೆ ತಪ್ಪಿಸಿಕೊಳ್ಳಲು ಬರುವುದಿಲ್ಲ; ಇರುವುದು ಒಂದೇ ಸಭಾಂಗಣ, ಮೇಘಗಳ ಬಗ್ಗೆ ಒಬ್ಬರು ಮಾತನಾಡಿ ಇಳಿದ ಕೂಡಲೇ ಸಾಗರದ ಆಂತರಿಕ ಅಲೆಗಳ ಬಗ್ಗೆ ಇನ್ನೊಬ್ಬರು ಹತ್ತುತ್ತಾರೆ.

ಸಂಘಟಕರು ಎರಡು ನಿಯಮಗಳನ್ನು ಮಾಡಿದ್ದರು. ಮುಗಿಯದ ಕೆಲಸವನ್ನೂ ತರಬಹುದು ಎಂಬುದು ಮೊದಲನೆಯದು. ಪೋಸ್ಟರ್‌ಗಳ ಹೊತ್ತಿನಲ್ಲಿ ಮಾರ್ಗದರ್ಶಕರು ಸಭಾಂಗಣದೊಳಗೆ ಇರಬಾರದು ಎಂಬುದು ಎರಡನೆಯದು. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಆರಂಭಿಸಿದ ಗ್ರ್ಯಾಜುಯೇಟ್ ಕ್ಲೈಮೇಟ್ ಕಾನ್ಫರೆನ್ಸ್ ಕೂಡ ಇದೇ ಬಗೆಯದು. ಅದನ್ನು ನಡೆಸುವವರೂ ಅಲ್ಲಿ ಮಾತನಾಡುವವರೂ ವಿದ್ಯಾರ್ಥಿಗಳೇ. ಎರಡನೆಯ ನಿಯಮ ನನಗೆ ಮೊದಲು ಅವಿನಯವೆಂದೇ ತೋರಿತ್ತು. ಆದರೆ ಅದಕ್ಕೆ ಕೆಲವು ತಿಂಗಳ ಹಿಂದೆ ಬೇರೊಂದು ಊರಿನ ದೊಡ್ಡ ಸಮ್ಮೇಳನದಲ್ಲಿ ಇದೇ ವಿಷಯದ ಪೋಸ್ಟರಿನ ಪಕ್ಕದಲ್ಲಿ ಇಡೀ ಮಧ್ಯಾಹ್ನ ನಿಂತಿದ್ದಾಗ, ಹಿರಿಯರೊಬ್ಬರು ಶೀರ್ಷಿಕೆ ಓದಿ ತಲೆಯಾಡಿಸಿ ಮುಂದೆ ಹೋಗಿದ್ದರು, ನನ್ನ ಓರಗೆಯವರು ಆ ಹಿರಿಯರ ಹಿಂದೆ ಹೋಗಿದ್ದರು. ತಪ್ಪು ತೋರಿಸುವಷ್ಟು ಹೊತ್ತು ಕೂಡ ಯಾರೂ ನಿಲ್ಲಲಿಲ್ಲ. ಆ ದಿನದ ಬೇಸರ ನನಗಿನ್ನೂ ನೆನಪಿದೆ.

ಪೋಸ್ಟರಿನ ವಿಷಯ ಬಂಗಾಳಕೊಲ್ಲಿಯ ಮಳೆ. ಮುಂಗಾರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಂದೇ ಸಮ ಸುರಿಯುವುದಿಲ್ಲವೆಂಬುದು ನಮ್ಮ ರೈತರಿಗೆ ಗೊತ್ತೇ ಇದೆ. ಕೆಲವು ದಿನ ಜಡಿಮಳೆ ಹಿಡಿದರೆ ಮತ್ತೆ ಕೆಲವು ದಿನ ಬಿಡುವು. ಈ ಏರಿಳಿತದ ಹಿಂದೆ ಸಮಭಾಜಕ ವೃತ್ತದ ಸಮೀಪದ ಹಿಂದೂ ಮಹಾಸಾಗರದಿಂದ ಉತ್ತರದ ಕಡೆಗೆ ನಿಧಾನವಾಗಿ ಸರಿಯುವ ಮೋಡಗಳ ಪಟ್ಟಿಗಳಿವೆ. ಅವು ದಿನಕ್ಕೆ ಸುಮಾರು ಒಂದು ಅಕ್ಷಾಂಶದಷ್ಟು ದೂರ ಸಾಗುತ್ತವೆ. ಹವಾಮಾನ ವಿಜ್ಞಾನಿಗಳಾದ ಡಿ. ಆರ್. ಸಿಕ್ಕಾ ಮತ್ತು ಸುಲೋಚನಾ ಗಾಡ್ಗೀಳ್ ಅವರು 1980ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಕೆಲವೇ ವರ್ಷಗಳ ಉಪಗ್ರಹ ಚಿತ್ರಗಳನ್ನು ದಿನ ದಿನವೂ ನೋಡುತ್ತಾ ಹೋಗಿ ಈ ಚಲನೆಯನ್ನು ಗುರುತಿಸಿದ್ದರು. ಗಾಡ್ಗೀಳ್ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಾತಾವರಣ ಮತ್ತು ಸಾಗರ ವಿಜ್ಞಾನದ ಕೇಂದ್ರವನ್ನು ಕಟ್ಟಿದವರಲ್ಲಿ ಒಬ್ಬರು. ಪಾವಗಡದ ಕಡೆ ಮಳೆಯನ್ನೇ ನಂಬಿದ ಶೇಂಗಾ ಬೇಸಾಯದಲ್ಲಿ ಬಿತ್ತನೆಗೆ ಯಾವ ಹೊತ್ತು ಸೂಕ್ತ ಎಂಬ ಪ್ರಶ್ನೆಯನ್ನು ಕೈಗೆತ್ತಿಕೊಂಡು ರೈತರೊಡನೆ ಕೆಲಸ ಮಾಡಿದವರು. ನಾನು ಈ ಕ್ಷೇತ್ರಕ್ಕೆ ಬರಲು ಅವರ ಬರಹಗಳೂ ಒಂದು ಕಾರಣ.

ಗಾಳಿಯವರ ಗುಂಪಿನ ನನ್ನ ಕಂಪ್ಯೂಟರ್ ಮಾದರಿಯಲ್ಲೂ ಈ ಪಟ್ಟಿಗಳು ಹುಟ್ಟಿ ಉತ್ತರಕ್ಕೆ ಸರಿಯುತ್ತಿದ್ದವು. ತೊಡಕು ಇದ್ದದ್ದು ಹೊತ್ತಿನಲ್ಲಿ. ಸಮುದ್ರದ ಮೇಲ್ಮೈ ಎಂದು ಅತಿ ಹೆಚ್ಚು ಬೆಚ್ಚಗಿರುತ್ತದೋ ಅಂದೇ ಮಾದರಿಯಲ್ಲಿ ಅತಿ ಹೆಚ್ಚು ಮಳೆ ಬೀಳುತ್ತಿತ್ತು. ಉಪಗ್ರಹದ ದಾಖಲೆ ಹಾಗೆ ಹೇಳುವುದಿಲ್ಲ. ಉಷ್ಣವಲಯದ ಮಳೆಯನ್ನು ಅಳೆಯಲು 1997ರಲ್ಲಿ ಹಾರಿಸಿದ ಟಿಆರ್‌ಎಂಎಂ ಉಪಗ್ರಹದಲ್ಲಿದ್ದ ಮೈಕ್ರೋವೇವ್ ಉಪಕರಣ ಮೋಡದ ಕೆಳಗಿನ ಸಮುದ್ರದ ಉಷ್ಣತೆಯನ್ನೂ ಅಳೆಯಬಲ್ಲದಾಗಿತ್ತು. ಅದರ ದತ್ತಾಂಶದಲ್ಲಿ ನೀರು ಮೊದಲು ಬಿಸಿಯಾಗಿ, ಸುಮಾರು ಒಂದು ವಾರ ಹತ್ತು ದಿನಗಳ ಬಳಿಕ ಮಳೆ ಗರಿಷ್ಠಕ್ಕೆ ಏರುವುದು ಕಾಣುತ್ತದೆ. ಈ ಅಂತರ ನನ್ನ ಮಾದರಿಯಲ್ಲಿ ಏಕಿಲ್ಲವೆಂದು ಎಂಟು ತಿಂಗಳು ಮೋಡಗಳ ಸಮೀಕರಣಗಳಲ್ಲೇ ಹುಡುಕಿದ್ದೆ. ಪೋಸ್ಟರಿನ ಕೊನೆಯ ಚೌಕದಲ್ಲಿ "ಕಾರಣ ಇನ್ನೂ ತಿಳಿದಿಲ್ಲ" ಎಂದು ಬರೆದಿದ್ದೆ. ಮುಗಿಯದ ಕೆಲಸವನ್ನೂ ತರಬಹುದೆಂಬ ನಿಯಮ ಇಲ್ಲದಿದ್ದರೆ ಆ ಸಾಲನ್ನು ಬರೆಯುವ ಧೈರ್ಯ ನನಗೆ ಬರುತ್ತಿರಲಿಲ್ಲ.

ಆ ವಿದ್ಯಾರ್ಥಿ ಕೊನೆಯ ಚೌಕವನ್ನು ಓದಿದ. "ನಿಮ್ಮ ಮಾದರಿಯಲ್ಲಿ ಸಮುದ್ರದ ಉಷ್ಣತೆಯನ್ನು ನೀವೇ ಕೊಡುತ್ತೀರಾ?" ಎಂದು ಕೇಳಿದ. ಹೌದು, ಅಳತೆಯಿಂದ ಬಂದ ಉಷ್ಣತೆಯನ್ನೇ ಕೊಡುತ್ತೇವೆ ಎಂದೆ. "ಹಾಗಾದರೆ ಇಷ್ಟು ಮಳೆ ಸುರಿದರೂ ಆ ಸಮುದ್ರ ಬದಲಾಗುವುದೇ ಇಲ್ಲವೇ?" ಎಂದ.

ಆ ಕ್ಷಣಕ್ಕೆ ನನಗೆ ಉತ್ತರ ಹೊಳೆಯಲಿಲ್ಲ. ಸಂಜೆ ಕ್ಯಾಂಟೀನಿನಲ್ಲಿ ಬೈಟು ಕಾಫಿ ಹಿಡಿದು ಕೂತಾಗ ಅವನು ತನ್ನ ನೋಟ್‌ಬುಕ್ಕಿನಲ್ಲಿ ಚಿತ್ರ ಬರೆದು ವಿವರಿಸಿದ. ಮಳೆ ಬಿಡುವು ಕೊಟ್ಟ ದಿನಗಳಲ್ಲಿ ಆಕಾಶ ತಿಳಿಯಾಗಿ, ಬಿಸಿಲು ನೇರವಾಗಿ ನೀರಿಗೆ ಬೀಳುತ್ತದೆ. ಬಂಗಾಳಕೊಲ್ಲಿಯ ಮೇಲ್ಪದರ ಬಹಳ ತೆಳು. ಗಂಗೆ, ಬ್ರಹ್ಮಪುತ್ರ ಮೊದಲಾದ ನದಿಗಳ ಸಿಹಿನೀರು ಮತ್ತು ಮಳೆನೀರು ಸೇರಿ, ಹೆಚ್ಚು ಉಪ್ಪಿರುವ ಭಾರದ ನೀರಿನ ಮೇಲೆ ಹಗುರವಾಗಿ ಹರಡಿಕೊಂಡಿರುತ್ತವೆ. ಹೀಗಾಗಿ ಕೆಳಗಿನ ತಣ್ಣನೆಯ ನೀರು ಸುಲಭವಾಗಿ ಮೇಲೆ ಬಂದು ಬೆರೆಯುವುದಿಲ್ಲ, ತೆಳು ಪದರ ಬೇಗ ಕಾಯುತ್ತದೆ. ನಂತರ ಮೋಡದ ಪಟ್ಟಿ ಬಂದಾಗ ಬಿಸಿಲು ಮರೆಯಾಗುತ್ತದೆ, ಗಾಳಿ ಬಿರುಸಾಗಿ ಆವಿಯಾಗುವಿಕೆ ಹೆಚ್ಚುತ್ತದೆ, ನೀರು ತಣಿಯುತ್ತದೆ. ಆದುದರಿಂದ ಅತಿ ಹೆಚ್ಚು ಮಳೆ ಬೀಳುವ ದಿನ ಸಮುದ್ರ ತನ್ನ ಗರಿಷ್ಠ ಬಿಸಿಯಿಂದ ಆಗಲೇ ಇಳಿದಿರುತ್ತದೆ. ನನ್ನ ಮಾದರಿಯಲ್ಲಿ ಈ ಎರಡನೆಯ ಅರ್ಧವೇ ಇರಲಿಲ್ಲ. ಸಮುದ್ರ ಗಾಳಿಗೆ ಶಾಖ ಕೊಡುತ್ತಿತ್ತು, ಗಾಳಿ ಮಾಡಿದ್ದನ್ನು ಸಮುದ್ರ ಅನುಭವಿಸುತ್ತಿರಲಿಲ್ಲ.

ಇದು ಯಾರಿಗೂ ಗೊತ್ತಿಲ್ಲದ ಸಂಗತಿಯಲ್ಲ ಎಂಬುದನ್ನು ಸ್ಪಷ್ಟವಾಗಿ ಹೇಳಬೇಕು. ಗಾಡ್ಗೀಳ್, ಜೋಸೆಫ್ ಮತ್ತು ಜೋಶಿ ಅವರು 1984ರಲ್ಲೇ, ಸಮುದ್ರದ ಮೇಲ್ಮೈ ಸುಮಾರು 28 ಡಿಗ್ರಿ ಸೆಲ್ಸಿಯಸ್ ಮೀರಿದ ಮೇಲೆ ಮೋಡಗಳು ಕಟ್ಟಬಹುದು ಅಥವಾ ಕಟ್ಟದೆಯೂ ಇರಬಹುದು, ಬಿಸಿನೀರು ಅಗತ್ಯವಾದರೂ ಅದೊಂದೇ ಸಾಲದು ಎಂದು ತೋರಿಸಿದ್ದರು. ಆ ಪ್ರಬಂಧವನ್ನು ನಾನು ಓದಿದ್ದೆ, ಪೋಸ್ಟರಿನಲ್ಲಿ ಉಲ್ಲೇಖಿಸಿಯೂ ಇದ್ದೆ. ಓದಿದ್ದಕ್ಕೂ ನನ್ನ ಮಾದರಿಗೂ ಇರುವ ಸಂಬಂಧವನ್ನು ಕಾಣಲು ಮಾತ್ರ, ಹಡಗಿನಿಂದ ತಂದ ಲವಣಾಂಶದ ಅಳತೆಗಳೊಡನೆ ಎರಡು ವರ್ಷ ಕಳೆದ ಒಬ್ಬನು ಎದುರು ನಿಲ್ಲಬೇಕಾಯಿತು. ಅವನು ಬಳಸುತ್ತಿದ್ದುದು 2016ರ ಮುಂಗಾರಿನಲ್ಲಿ ಸಿಂಧು ಸಾಧನಾ ಎಂಬ ಸಂಶೋಧನಾ ನೌಕೆ ಬಂಗಾಳಕೊಲ್ಲಿಯ ದಕ್ಷಿಣ ಭಾಗಕ್ಕೆ ಹೋಗಿ ತಂದ ದತ್ತಾಂಶ. ಅರಬ್ಬೀ ಸಮುದ್ರದ ಉಪ್ಪುನೀರು ಶ್ರೀಲಂಕಾದ ದಕ್ಷಿಣದಿಂದ ಬಳಸಿ ಬಂದು ಕೊಲ್ಲಿಯ ಹಗುರ ನೀರಿನ ಅಡಿಗೆ ನುಗ್ಗುವುದು ಅದರಲ್ಲಿ ಕಾಣುತ್ತದೆ. ಅವನ ತೊಡಕು ನನ್ನದಕ್ಕೆ ತಿರುಗುಮುರುಗಾಗಿತ್ತು: ಅವನ ಲೆಕ್ಕದಲ್ಲಿ ಗಾಳಿ ಹೊರಗಿನಿಂದ ಕೊಟ್ಟದ್ದು, ನೀರು ಎಷ್ಟು ಬದಲಾದರೂ ಅದು ಬದಲಾಗುತ್ತಿರಲಿಲ್ಲ.

ಮಾರ್ಗದರ್ಶಕರು ಇದ್ದಿದ್ದರೆ ಅವನು ಈ ಪ್ರಶ್ನೆ ಕೇಳುತ್ತಿರಲಿಲ್ಲ. ಇದು ನನ್ನ ಊಹೆಯಲ್ಲ, ಅವನೇ ಹೇಳಿದ ಮಾತು. ಅಷ್ಟು ಸರಳ ಪ್ರಶ್ನೆ ಕೇಳಿದರೆ ಗಾಳಿಯ ವಿಷಯವೇ ಗೊತ್ತಿಲ್ಲ ಎಂದುಕೊಂಡಾರೆಂಬ ಅಳುಕು ಅವನಿಗಿತ್ತಂತೆ.

ಎರಡನೆಯ ದಿನ ಕರಾವಳಿಯ ವಿದ್ಯಾರ್ಥಿನಿಯೊಬ್ಬಳ ಪೋಸ್ಟರಿನ ಮುಂದೆ ನಾನೂ ಅಂಥದೇ ಸರಳ ಪ್ರಶ್ನೆ ಕೇಳಿದೆ. ಮುಂಗಾರಿನಲ್ಲಿ ಭಾರತದ ನೈಋತ್ಯ ಕರಾವಳಿಯುದ್ದಕ್ಕೂ ಆಳದ ತಣ್ಣನೆಯ, ಆಮ್ಲಜನಕ ಕಡಿಮೆಯಿರುವ ನೀರು ದಡದ ಕಡೆಗೆ ಏರಿಬರುವುದನ್ನು ಅವಳು ಅಧ್ಯಯನ ಮಾಡುತ್ತಿದ್ದಳು. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವುದರಿಂದ, ಆ ಹೊತ್ತಿನಲ್ಲಿ ಸಮುದ್ರದಲ್ಲಿ ಏನಾಗುತ್ತದೆಂಬುದಕ್ಕೆ ಮೀನುಗಾರರ ಅನುಭವವೂ ಕಡಿಮೆ ಸಿಗುತ್ತದೆ ಎಂದಳು. ಅಡಿಯಿಂದ ನೀರು ಏರುವುದು ನಮ್ಮ ಕರಾವಳಿಯ ಗಾಳಿಯಿಂದಲೇ ತಾನೇ ಎಂದು ನಾನು ಕೇಳಿದೆ. ಅಷ್ಟೇ ಅಲ್ಲ, ಬಂಗಾಳಕೊಲ್ಲಿಯ ಅಂಚಿನಲ್ಲಿ ಎದ್ದ ಅಲೆಯೊಂದು ದಡವನ್ನೇ ಹಿಡಿದು ಶ್ರೀಲಂಕಾ ಬಳಸಿ ಮಂಗಳೂರಿನ ಎದುರಿಗೂ ಬರುತ್ತದೆ ಎಂದು ಅವಳು ಕನ್ನಡದಲ್ಲೇ ವಿವರಿಸಿದಳು. ಹೀಗೆ ದಡವನ್ನು ಹಿಡಿದು ಸಾಗುವ ಕೆಲ್ವಿನ್ ಅಲೆಯ ಬಗ್ಗೆ ನಾನು ಪರೀಕ್ಷೆಗೆ ಓದಿದ್ದೆ. ಅದು ದಡವನ್ನು ಬಿಟ್ಟು ಹೋಗಲಾರದು ಏಕೆ ಎಂಬುದು ಮನಸ್ಸಿಗೆ ಹತ್ತಿದ್ದು ಅವಳ ಮಾತಿನಲ್ಲಿ.

ಸಮ್ಮೇಳನದಿಂದ ಮರಳಿದ ಮೇಲೆ ನನ್ನ ಮಾದರಿಯ ಅಡಿಗೆ ಸರಳವಾದ ಒಂದು ನೀರಿನ ಪದರವನ್ನು ಜೋಡಿಸಿದೆ. ಆಳ ಮೂವತ್ತೇ ಮೀಟರ್, ಅದರಲ್ಲಿ ಪ್ರವಾಹವಿಲ್ಲ, ಲವಣಾಂಶವೂ ಇಲ್ಲ. ಬಿಸಿಲಿಗೆ ಕಾಯುತ್ತದೆ, ಆವಿಯಾಗಿ ತಣಿಯುತ್ತದೆ, ಅಷ್ಟೆ. ಮಾದರಿಯನ್ನು ಮೊದಲ ಸಲ ಓಡಿಸಿದಾಗಲೇ ಮಳೆಯ ಗರಿಷ್ಠ ನೀರಿನ ಬಿಸಿಯ ಗರಿಷ್ಠಕ್ಕಿಂತ ತಡವಾಗಿ ಬಂತು. ಉಪಗ್ರಹ ತೋರಿಸುವಷ್ಟು ದಿನಗಳ ಅಂತರ ಮಾತ್ರ ಇನ್ನೂ ಬಂದಿಲ್ಲ. ಪದರದ ಆಳವನ್ನು ಎಲ್ಲೆಡೆ ಒಂದೇ ಆಗಿ ಇಟ್ಟಿರುವುದೇ ದೋಷ, ಉತ್ತರಕ್ಕೆ ಹೋದಂತೆ ಅದು ತೆಳುವಾಗಬೇಕು ಎಂಬುದು ಮೊದಲ ದಿನ ಪ್ರಶ್ನೆ ಕೇಳಿದ ಆ ವಿದ್ಯಾರ್ಥಿಯ ವಾದ. ದೋಷ ನನ್ನ ಗಾಳಿಯ ವೇಗದಲ್ಲಿದೆ ಎಂಬುದು ನನ್ನ ಅನುಮಾನ. ಈ ವರ್ಷದ ಸಮ್ಮೇಳನಕ್ಕೆ ಇಬ್ಬರೂ ಸೇರಿ ಒಂದೇ ಪೋಸ್ಟರ್ ಕಳಿಸಿದ್ದೇವೆ. ಕೊನೆಯ ಚೌಕದಲ್ಲಿ ಎರಡೂ ಅಭಿಪ್ರಾಯಗಳನ್ನು ಪಕ್ಕಪಕ್ಕದಲ್ಲಿ ಬರೆದಿದ್ದೇವೆ.