ರೀಲು ಕ್ಯಾಮೆರಾ ತಗೊಳ್ಳಲಾ, ಡಿಜಿಟಲ್ ತಗೊಳ್ಳಲಾ?

ಫೋಟೋ ತೆಗೆಯುವ ಹುಚ್ಚು ಹೊಸದಾಗಿ ಹಿಡಿದವರೆಲ್ಲ ನನ್ನನ್ನು ಕೇಳುವ ಪ್ರಶ್ನೆ ಇದು. ಕೇಳುವಾಗಲೇ ಅರ್ಧ ಜನ ರೀಲಿನ, ಅಂದರೆ ಹಳೇ ಫಿಲಂ ಕ್ಯಾಮೆರಾದ, ಕಡೆ ವಾಲಿರುತ್ತಾರೆ. ಒಂದು ರೀಲಿಗೆ 36 ಫೋಟೋ ಮಾತ್ರ, ಅದಕ್ಕೇ ಯೋಚನೆ ಮಾಡಿ ಕ್ಲಿಕ್ಕಿಸುತ್ತೇವೆ, ಬೇಗ ಕಲಿಯುತ್ತೇವೆ ಅನ್ನೋದು ಅವರ ಲೆಕ್ಕ.

ನನ್ನ ಉತ್ತರ ಇಷ್ಟು: ಕಲಿಯೋದಕ್ಕೆ ಡಿಜಿಟಲ್ ತಗೊಳ್ಳಿ. ರೀಲಿನ ಮೇಲೆ ಆಸೆ ಇದ್ದರೆ ಖಂಡಿತ ಅದನ್ನೂ ತಗೊಳ್ಳಿ, ಆದರೆ ಬೇರೆ ಕಾರಣಕ್ಕೆ.

ಯೋಚನೆ ಮಾಡಿ ತೆಗೆಯೋದು ಒಳ್ಳೆಯದೇ. ಆದರೆ ಎಲ್ಲಿ ಎಡವಿದೆವು ಅಂತ ತಿಳಿಯದೆ ಕಲಿಕೆ ಮುಂದಕ್ಕೆ ಹೋಗುವುದಿಲ್ಲ. ಓಡುತ್ತಿರುವ ಮಗುವಿನ ಫೋಟೋವನ್ನು 1/60 ಸೆಕೆಂಡಿನಲ್ಲಿ ತೆಗೆದಿರಿ ಅನ್ನಿ. ಕೈಕಾಲೆಲ್ಲ ಕಲಸಿಹೋಗಿರುತ್ತದೆ. ಡಿಜಿಟಲ್‌ನಲ್ಲಿ ಅದು ನಿಂತ ಜಾಗದಲ್ಲೇ ಕಾಣುತ್ತದೆ. ಷಟರ್ ವೇಗವನ್ನು, ಅಂದರೆ ಬೆಳಕಿಗೆ ಬಾಗಿಲು ತೆರೆದು ಮುಚ್ಚುವ ವೇಗವನ್ನು, 1/500ಕ್ಕೆ ಏರಿಸಿ ಇನ್ನೊಂದು ತೆಗೆಯಬಹುದು. ಮಗು ಇನ್ನೂ ಓಡುತ್ತಲೇ ಇದೆ, ಬೆಳಕೂ ಅದೇ. ರೀಲಿನಲ್ಲಾದರೆ ಆ ಫೋಟೋ ಕಣ್ಣಿಗೆ ಬೀಳೋದು ಪೂರ್ತಿ ರೀಲು ಮುಗಿದು, ತೊಳೆಸಿದ ಮೇಲೆ. ಅಷ್ಟು ಹೊತ್ತಿಗೆ ಷಟರ್ ಎಷ್ಟಿತ್ತು, ಅಪರ್ಚರ್ (ಲೆನ್ಸಿನ ಕಿಂಡಿ) ಎಷ್ಟಿತ್ತು ಯಾರಿಗೆ ನೆನಪಿರುತ್ತದೆ? ಡಿಜಿಟಲ್ ಕ್ಯಾಮೆರಾ ಇವನ್ನೆಲ್ಲ ಪ್ರತಿ ಫೈಲಿನ ಒಳಗೇ ಬರೆದಿಟ್ಟಿರುತ್ತದೆ.

ಇನ್ನೊಂದು ವಿಷಯ ಹೊಸಬರಿಗೆ ಯಾರೂ ಹೇಳುವುದಿಲ್ಲ. ಈಗ ರೀಲು ತೊಳೆಸಿದವರಲ್ಲಿ ಬಹಳ ಜನ ನೋಡೋದು ಲ್ಯಾಬಿನವರು ಕಳಿಸುವ ಸ್ಕ್ಯಾನ್ ಮಾತ್ರ. ಸ್ಕ್ಯಾನರ್ ಸುಮ್ನೆ ನಕಲು ಮಾಡುವುದಿಲ್ಲ. ಕತ್ತಲಾಗಿದ್ದನ್ನು ಎತ್ತುತ್ತದೆ, ಬಣ್ಣ ಸರಿ ಮಾಡುತ್ತದೆ. ನೀವು ಬೆಳಕು ಒಂದು ಸ್ಟಾಪ್, ಅಂದರೆ ಅರ್ಧದಷ್ಟು, ಕಮ್ಮಿ ಕೊಟ್ಟಿದ್ದರೂ ಫೋಟೋ ನೋಡೋಕೆ ಚೆನ್ನಾಗೇ ಇರಬಹುದು. ನಿಜ ಗೊತ್ತಾಗಬೇಕಾದರೆ ನೆಗೆಟಿವ್, ಅಂದರೆ ಬೆಳಕು ನೆರಳು ಅದಲುಬದಲಾಗಿ ಕಾಣುವ ತೊಳೆದ ರೀಲನ್ನು, ವಾಪಸ್ ತಗೊಂಡು ಕಿಟಕಿಗೆ ಹಿಡಿದು ನೋಡಬೇಕು. ನೆರಳಿನ ಜಾಗ ಏನೂ ಇಲ್ಲದೆ ಬರೀ ತೆಳ್ಳಗೆ, ಪಾರದರ್ಶಕವಾಗಿದ್ದರೆ ಬೆಳಕು ಸಾಲಲಿಲ್ಲ ಅಂತ. ಎಲ್ಲ ಕಡೆ ದಟ್ಟವಾಗಿ ಕಪ್ಪಾಗಿದ್ದರೆ ಜಾಸ್ತಿ ಆಗಿದೆ ಅಂತ.

ಎರಡೂ ಬೆಳಕನ್ನು ಹಿಡಿಯುವ ರೀತಿಯೂ ಬೇರೆ. ಡಿಜಿಟಲ್‌ನಲ್ಲಿ ಬೆಳ್ಳಗೆ ಸುಟ್ಟುಹೋದ ಆಕಾಶದಲ್ಲಿ ಯಾವ ಮಾಹಿತಿಯೂ ಉಳಿದಿರುವುದಿಲ್ಲ, ಅದನ್ನು ವಾಪಸ್ ತರಲು ಆಗುವುದಿಲ್ಲ. ನೆರಳನ್ನು ಮಾತ್ರ ಆಮೇಲೆ ಸಾಕಷ್ಟು ಎತ್ತಬಹುದು. ನೆಗೆಟಿವ್ ರೀಲಿನಲ್ಲಿ ಇದು ತಿರುಗುಮುರುಗು. ಬೆಳಕು ಸ್ವಲ್ಪ ಜಾಸ್ತಿಯಾದರೆ ತಡೆದುಕೊಳ್ಳುತ್ತದೆ, ಕಮ್ಮಿಯಾದರೆ ನೆರಳು ಸತ್ತುಹೋಗುತ್ತದೆ. ಅದಕ್ಕೇ ಡಿಜಿಟಲ್‌ನಲ್ಲಿ ಬೆಳಕಿರುವ ಭಾಗ ನೋಡಿ ಅಳೆಯಬೇಕು, ನೆಗೆಟಿವ್‌ನಲ್ಲಿ ನೆರಳು ನೋಡಿ. ಸ್ಲೈಡ್ ರೀಲು (ತೊಳೆದಾಗ ನೆಗೆಟಿವ್ ಅಲ್ಲದೆ ನೇರ ಚಿತ್ರವೇ ಬರುವಂಥದ್ದು) ಈ ವಿಷಯದಲ್ಲಿ ಡಿಜಿಟಲ್‌ನ ಅಣ್ಣ, ಅದರ ಸಹವಾಸ ಮೊದಲಿಗೇ ಬೇಡ.

ಯಾವುದರಲ್ಲಿ ಫೋಟೋ ಚೆನ್ನಾಗಿ ಬರುತ್ತೆ ಅಂತಲೂ ಕೇಳುತ್ತಾರೆ. 1975ರಲ್ಲಿ ಕೊಡ್ಯಾಕ್‌ನ ಎಂಜಿನಿಯರ್ ಸ್ಟೀವನ್ ಸ್ಯಾಸನ್ ಮಾಡಿದ ಡಿಜಿಟಲ್ ಕ್ಯಾಮೆರಾದ ಚಿತ್ರದಲ್ಲಿ ಇದ್ದದ್ದು ಬರೀ 0.01 ಮೆಗಾಪಿಕ್ಸೆಲ್. ಒಂದು ಫೋಟೋ ಕ್ಯಾಸೆಟ್ಟಿಗೆ ಇಳಿಯೋಕೆ 23 ಸೆಕೆಂಡು ಬೇಕಿತ್ತು. ಆಗ ಈ ಪ್ರಶ್ನೆಗೆ ಅರ್ಥ ಇತ್ತು. ಈಗ ಹವ್ಯಾಸಕ್ಕೆ ತೆಗೆಯುವವರು ಇದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ಹಾಗಾದರೆ ರೀಲು ಯಾಕೆ? ಅದನ್ನು ನೀವೇ ತೊಳೆಯಬಹುದು, ಅದಕ್ಕೆ. ರೀಲಿನ ಮೈಮೇಲಿರುವುದು ಬೆಳ್ಳಿಯ ಲವಣದ ಹರಳುಗಳು. ಬೆಳಕು ತಾಗಿದ ಹರಳಿನಲ್ಲಿ ಬೆಳ್ಳಿಯ ಕೆಲವೇ ಪರಮಾಣುಗಳು ಬಿಡಿಯಾಗುತ್ತವೆ. ಕಣ್ಣಿಗೆ ಏನೂ ಕಾಣುವುದಿಲ್ಲ, ಆದರೆ ಚಿತ್ರ ಆಗಲೇ ಅಲ್ಲಿ ಕೂತಿರುತ್ತದೆ. ಡೆವಲಪರ್ ಅನ್ನುವ ದ್ರಾವಣ ಅದನ್ನು ಹೊರಗೆ ತರುತ್ತದೆ, ಫಿಕ್ಸರ್ ಅನ್ನುವ ಇನ್ನೊಂದು ದ್ರಾವಣ ಉಳಿದ ಹರಳುಗಳನ್ನು ಕರಗಿಸುತ್ತದೆ. ಕಪ್ಪು ಬಿಳುಪಿಗೆ 20 ಡಿಗ್ರಿಯ ಡೆವಲಪರ್ ಸಾಕು, ಅಡುಗೆಮನೆಯಲ್ಲೇ ಮಾಡಬಹುದು. ಬೆಳಕು ನುಗ್ಗದ ಚೀಲದೊಳಗೆ ಕೈ ಹಾಕಿ, ಬೆರಳ ತುದಿಯಲ್ಲೇ ರೀಲಿನ ಅಂಚು ಹುಡುಕಿ, ಸುರುಳಿಗೆ ಏರಿಸಿ ಡಬ್ಬಿಯಲ್ಲಿಡುವುದೊಂದೇ ಕಷ್ಟದ ಕೆಲಸ. ಹಾಳಾದ ರೀಲೊಂದನ್ನು ಇಟ್ಟುಕೊಂಡು ಬೆಳಕಿನಲ್ಲೇ ಅಭ್ಯಾಸ ಮಾಡಿದರೆ ಅದೂ ಬರುತ್ತದೆ. ಫಿಕ್ಸರ್ ಆದ ಮೇಲೆ ಮುಚ್ಚಳ ತೆಗೆದು ಒದ್ದೆ ರೀಲನ್ನು ಎತ್ತಿ ಹಿಡಿದಾಗ ಪುಟ್ಟಪುಟ್ಟ ಚೌಕಗಳು ಸಾಲಾಗಿ ಇಳಿಯುತ್ತವೆ. ಆ ಖುಷಿ ನನಗೆ ಯಾವ ಮೆಮೊರಿ ಕಾರ್ಡೂ ಕೊಟ್ಟಿಲ್ಲ. ಫೋಟೋ ತೆಗೆದಾಗ ಆ ದೃಶ್ಯದ ಎದುರಿಗೆ ಇದ್ದದ್ದು ಈ ರೀಲಿನ ಪಟ್ಟಿಯೇ, ಈಗ ಕೈಯಲ್ಲಿರುವುದೂ ಅದೇ.

ಇದರಲ್ಲಿ ಆಸಕ್ತಿ ಇಲ್ಲ, ಹಳೇ ಫೋಟೋದ ಬಣ್ಣ ಮಾತ್ರ ಬೇಕು ಅನ್ನುವವರಿಗೆ ಕಂಪ್ಯೂಟರಿನಲ್ಲೇ ಆ ಬಣ್ಣ ಹತ್ತಿರಹತ್ತಿರ ಸಿಗುತ್ತದೆ. ರೀಲಿನ ಖರ್ಚು ಬೇಡ.

ಮೊದಲ ರೀಲು ಕಪ್ಪು ಬಿಳುಪಿನದೇ ಆಗಲಿ. ಇಲ್ಫೋರ್ಡ್ ಎಚ್‌ಪಿ5 ಪ್ಲಸ್ ಥರದ 400 ಐಎಸ್‌ಒ ರೀಲು ಒಳ್ಳೆಯದು (ಐಎಸ್‌ಒ ಅಂದರೆ ರೀಲು ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನುವ ಅಂಕಿ). ತೊಳೆಯೋಕೆ ಯಾರನ್ನೂ ಕಾಯಬೇಕಾಗಿಲ್ಲ ಅನ್ನೋದು ಸಣ್ಣ ಮಾತಲ್ಲ. ಕೊಡ್ಯಾಕ್‌ನ ಬಣ್ಣದ ಸ್ಲೈಡ್ ರೀಲು ಕೊಡ್ಯಾಕ್ರೋಮ್‌ನ ಕಥೆ ನೋಡಿ: ತಯಾರಿಕೆ 2009ರಲ್ಲಿ ನಿಂತಿತು. ಅದನ್ನು ತೊಳೆಯುತ್ತಿದ್ದ ಕೊನೆಯ ಲ್ಯಾಬ್ 2010ರ ಕೊನೆಗೆ ರೀಲು ತಗೊಳ್ಳೋದನ್ನೂ ನಿಲ್ಲಿಸಿತು. ಅದರ ಕ್ರಮ ಎಷ್ಟು ಜಟಿಲ ಅಂದರೆ, ಮನೆಯಲ್ಲಿ ಮಾಡುವ ಮಾತೇ ಇರಲಿಲ್ಲ.

ಹಳೇ ಕ್ಯಾಮೆರಾ ಕೊಳ್ಳುವಾಗ ಹಿಂದಿನ ಬಾಗಿಲು ತೆಗೆದು ಅಂಚಿನ ಸ್ಪಂಜು ಮುಟ್ಟಿ ನೋಡಿ. ಅಂಟಂಟಾಗಿದ್ದರೆ ಬೆಳಕು ಸೋರುತ್ತದೆ. ಷಟರನ್ನು 1 ಸೆಕೆಂಡಿಗಿಟ್ಟು ಒತ್ತಿ, ಮಧ್ಯೆ ಸಿಕ್ಕಿಹಾಕಿಕೊಂಡರೆ ಬಿಟ್ಟುಬಿಡಿ. ಲೆನ್ಸಿಗೆ ಟಾರ್ಚ್ ಹಾಕಿದಾಗ ಒಳಗೆ ಬೂಸ್ಟು ಕಂಡರೂ ಬೇಡ. ರೀಲು ಹಾಕಿದ ಮೇಲೆ ಲಿವರ್ ಎಳೆಯುವಾಗ ಎಡಗಡೆಯ ರಿವೈಂಡ್ ಗುಂಡಿ ತಿರುಗುತ್ತಿದೆಯಾ ನೋಡಿ. ತಿರುಗದಿದ್ದರೆ ರೀಲು ಕಚ್ಚಿಕೊಂಡಿಲ್ಲ ಅಂತ. ಹಿಂದಿನ ಬಾಗಿಲು ತೆಗೆದು ರೀಲನ್ನು ಮತ್ತೆ ಹಾಕಿ.