ಹಾಡಿನ ಅಡಿಯಲ್ಲಿ ಊದಿದವರು, ಬಾರಿಸಿದವರು, ಬರೆದವರು

'ಗೋರೆ ಗೋರೆ ಓ ಬಾಂಕೆ ಛೋರೆ' 1950ರ ಹಿಂದಿ ಚಿತ್ರ 'ಸಮಾಧಿ'ಯ ಹಾಡು. ಲತಾ ಮಂಗೇಶ್ಕರ್ ಅವರೊಂದಿಗೆ ಅದನ್ನು ಹಾಡಿದವರು ಬೀಳಗಿಯ ಅಮೀರ್‌ಬಾಯಿ ಕರ್ನಾಟಕಿ ಎಂಬುದನ್ನು ಹಳೆಯ ಹಾಡುಗಳ ಮೇಲೆ ಪ್ರೀತಿಯುಳ್ಳ ಕನ್ನಡಿಗರು ಅಭಿಮಾನದಿಂದ ನೆನೆಯುತ್ತಾರೆ, ಸಂಗೀತ ಸಿ. ರಾಮಚಂದ್ರ ಅವರದು ಎಂಬುದೂ ಬಹುಮಂದಿಗೆ ಗೊತ್ತು. ಆದರೆ ಆ ಹಾಡಿಗೆ ಲ್ಯಾಟಿನ್ ಅಮೆರಿಕದ ಕುಣಿತದ ನಡೆ ಹೇಗೆ ಬಂತು, ಅಂಥ ನಡೆಯನ್ನು ಸಲೀಸಾಗಿ ನುಡಿಸಬಲ್ಲವರು ಅಂದಿನ ಮುಂಬಯಿಯಲ್ಲಿ ಯಾರಿದ್ದರು ಎಂದು ಕೇಳಿದರೆ ಉತ್ತರಿಸುವವರು ಕಡಿಮೆ. ಆ ವರ್ಷಗಳಲ್ಲಿ ರಾಮಚಂದ್ರ ಅವರ ಜೊತೆ ಕೆಲಸ ಮಾಡುತ್ತಿದ್ದ ಗೋವೆಯ ಅಂತೋನಿಯೊ ಶಾವಿಯರ್ ವಾಜ್, ಅಂದರೆ ಜಾಝ್ ರಸಿಕರ ಚಿಕ್ ಚಾಕಲೇಟ್, ಮತ್ತು ಅವರ ಓರಗೆಯ ವಾದಕರನ್ನು ನೆನೆಯುವುದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ. ಅವರ ಬಗ್ಗೆ ಮಂಗಳೂರಿನವನಾದ ನಾನು ಬರೆಯುವುದಕ್ಕೂ ಕಾರಣವಿದೆ. ಅದು ಮುಂದೆ ಬರುತ್ತದೆ.

ಚಿಕ್ ಚಾಕಲೇಟ್ 1916ರಲ್ಲಿ ಗೋವೆಯ ಅಲ್ದೋನಾದಲ್ಲಿ ಹುಟ್ಟಿದವರು. ಅವರ ವಾದ್ಯ ಟ್ರಂಪೆಟ್. ಆರಾಧ್ಯ ಗುರು, ದೂರದಿಂದಲೇ, ನ್ಯೂ ಆರ್ಲಿಯನ್ಸ್‌ನ ಲೂಯಿ ಆರ್ಮ್‌ಸ್ಟ್ರಾಂಗ್. ಧ್ವನಿಮುದ್ರಿಕೆಗಳನ್ನು ಕೇಳಿ ಕೇಳಿ ಆರ್ಮ್‌ಸ್ಟ್ರಾಂಗ್ ಅವರ ಊದುವ ಶೈಲಿಯನ್ನೂ ಗೊಗ್ಗರು ದನಿಯ ಹಾಡುಗಾರಿಕೆಯನ್ನೂ ಎಷ್ಟು ಮೈಗೂಡಿಸಿಕೊಂಡಿದ್ದರೆಂದರೆ, 'ಭಾರತದ ಲೂಯಿ ಆರ್ಮ್‌ಸ್ಟ್ರಾಂಗ್' ಎಂಬ ಹೆಸರು ಅವರಿಗೆ ಅಂಟಿಕೊಂಡಿತು. ಮುಂಬಯಿಯ ತಾಜ್ ಹೋಟೆಲಿನಲ್ಲಿ ಅವರ ತಂಡ ನುಡಿಸುತ್ತಿತ್ತು. 1951ರ 'ಅಲ್ಬೇಲಾ' ಚಿತ್ರದಲ್ಲಿ ಅವರು ತಮ್ಮ ತಂಡದೊಂದಿಗೆ ತೆರೆಯ ಮೇಲೂ ಕಾಣಿಸಿಕೊಂಡಿದ್ದಾರೆ. ಭಗವಾನ್ ಮತ್ತು ಗೀತಾ ಬಾಲಿ ಅವರ ಕುಣಿತವನ್ನು ನೋಡುವವರು ಒಮ್ಮೆ ಕಣ್ಣನ್ನು ಹಿಂದಕ್ಕೆ ಹಾಯಿಸಿದರೆ ಸಾಕು, ಈ ದೇಶದ ಜಾಝ್ ಚರಿತ್ರೆಯ ಒಂದು ಪುಟವೇ ಅಲ್ಲಿ ಟ್ರಂಪೆಟ್ ಹಿಡಿದು ನಿಂತಿರುತ್ತದೆ. 1967ರಲ್ಲಿ, ಐವತ್ತರ ಆಸುಪಾಸಿನಲ್ಲೇ, ಅವರು ತೀರಿಕೊಂಡರು.

ತಾಜ್ ಹೋಟೆಲಿಗೆ ಜಾಝ್ ಬಂದ ಬಗೆಯೂ ಸ್ವಾರಸ್ಯದ್ದು. 1935ರಲ್ಲಿ ಲಿಯಾನ್ ಆಬಿ ಎಂಬ ಆಫ್ರಿಕನ್ ಅಮೆರಿಕನ್ ಪಿಟೀಲುಗಾರ ತನ್ನ ತಂಡವನ್ನು ಮುಂಬಯಿಗೆ ಕರೆತಂದರು. ಅವರ ಹಿಂದೆಯೇ ಟ್ರಂಪೆಟ್ ವಾದಕ ಕ್ರಿಕೆಟ್ ಸ್ಮಿತ್, ಪಿಯಾನೊ ವಾದಕ ಟೆಡ್ಡಿ ವೆದರ್‌ಫರ್ಡ್ ಅಂಥವರು ಬಂದು ನೆಲೆಯೂರಿದರು. ವೆದರ್‌ಫರ್ಡ್ ತಾಯ್ನಾಡಿಗೆ ಮರಳಲೇ ಇಲ್ಲ. 1945ರಲ್ಲಿ ಕಲ್ಕತ್ತೆಯಲ್ಲಿ ಕಾಲರಾ ಅವರನ್ನು ಬಲಿ ತೆಗೆದುಕೊಂಡಿತು. ತಮ್ಮ ದೇಶದಲ್ಲಿ ಮುಂಬಾಗಿಲಿನಿಂದ ಪ್ರವೇಶವಿಲ್ಲದ ಹೋಟೆಲುಗಳನ್ನು ಕಂಡಿದ್ದ ಆ ಕಲಾವಿದರು ಇಲ್ಲಿ ಗೌರವ ಪಡೆದರು, ತಮ್ಮ ವಿದ್ಯೆಯನ್ನು ಪಕ್ಕದಲ್ಲಿ ಕುಳಿತ ಗೋವೆಯ ಹುಡುಗರಿಗೆ ದಾಟಿಸಿದರು. ಜಾಝ್ ಎಂದರೆ ಬ್ರಿಟಿಷ್ ಸಾಹೇಬರ ಮೋಜಿನ ಸಂಗೀತ ಎಂದು ಈಗಲೂ ಹೇಳುವವರಿದ್ದಾರೆ. ಕುಣಿದವರು ಸಾಹೇಬರಿರಬಹುದು. ಕಲಿಸಿದವರೂ ಕಲಿತವರೂ ಬೇರೆಯೇ ಜನ ಎಂಬುದನ್ನು ಮರೆಯಬಾರದು.

ಗೋವೆಯವರೇ ಏಕೆ ಎಂಬ ಪ್ರಶ್ನೆಗೆ ಉತ್ತರ ಇಗರ್ಜಿಯ ಪಕ್ಕದ ಶಾಲೆಯಲ್ಲಿದೆ. ಪೋರ್ಚುಗೀಸರ ಕಾಲದಿಂದ ಗೋವೆಯ ಊರೂರಿನ ಇಗರ್ಜಿಗಳು ಮಕ್ಕಳಿಗೆ ಪೂಜೆಯ ಹಾಡುಗಳಿಗಾಗಿ ಸ್ವರಾಭ್ಯಾಸ, ಪಿಟೀಲು ಮತ್ತು ಐದು ಗೆರೆಗಳ ಸ್ವರಲಿಪಿಯನ್ನು ಕಲಿಸುತ್ತಿದ್ದವು. ಹಾಗಾಗಿ ಹೊಟ್ಟೆಪಾಡಿಗೆಂದು ಮುಂಬಯಿಗೆ ಬಂದು, ಧೋಬಿ ತಲಾವ್‌ನ ತಮ್ಮೂರಿನ ಕೂಡ್‌ಗಳಲ್ಲಿ, ಅಂದರೆ ಊರವರ ವಸತಿಗೃಹಗಳಲ್ಲಿ, ಟ್ರಂಕು ಇಟ್ಟ ಹುಡುಗನಿಗೆ ಮುಂದೆ ಇಟ್ಟ ಹಾಳೆಯನ್ನು ನೋಡಿದ ಕೂಡಲೇ ನುಡಿಸುವ ಶಕ್ತಿ ಇರುತ್ತಿತ್ತು. ಬಾಯಿಪಾಠದ ಪರಂಪರೆಯಲ್ಲಿ ಬೆಳೆದ ನಮ್ಮ ಶಾಸ್ತ್ರೀಯ ವಿದ್ವಾಂಸರ ವಿದ್ಯೆ ಬೇರೆ ಬಗೆಯದು. ಹತ್ತಾರು ವಾದ್ಯಗಳು ಒಟ್ಟಿಗೆ ಬೇರೆ ಬೇರೆ ಸ್ವರಗಳನ್ನು ನುಡಿಸಬೇಕಾದಾಗ ಬೇಕಾಗುವುದು ಈ ಓದುವ ವಿದ್ಯೆ.

ನಮ್ಮ ಮಂಗಳೂರಿಗೂ ಇದರ ಒಂದು ಎಳೆ ತಾಗಿದೆ. ಗೋವೆಯಿಂದ ಶತಮಾನಗಳ ಹಿಂದೆ ವಲಸೆ ಬಂದ ಕ್ಯಾಥೊಲಿಕರ ಇಗರ್ಜಿಗಳ ಗಾಯನವೃಂದ ಮತ್ತು ಪಿಟೀಲು, ಬಲ್ಮಠದ ಬಾಸೆಲ್ ಮಿಶನ್ನಿನವರು ಹಲವು ದನಿಗಳಲ್ಲಿ ಹಾಡಿಸಿದ ಕನ್ನಡ ಕೀರ್ತನೆಗಳು, ಹಬ್ಬದ ಮೆರವಣಿಗೆಗೂ ಮದುವೆಗೂ ಬರುತ್ತಿದ್ದ ಹಿತ್ತಾಳೆ ವಾದ್ಯಗಳ ಬ್ಯಾಂಡ್, ಇವೆಲ್ಲ ಈ ಊರಿನ ಕಿವಿಯನ್ನು ಪಳಗಿಸಿದ್ದವು. ನಾನು ಹುಡುಗನಾಗಿದ್ದಾಗ ಬೆಂದೂರಿನ ನಮ್ಮ ಓಣಿಯಲ್ಲಿ ಟ್ರಂಪೆಟ್ ಊದುತ್ತಿದ್ದ ಹಿರಿಯರೊಬ್ಬರಿದ್ದರು. ಓಣಿಯವರೆಲ್ಲ ಅವರನ್ನು 'ಪೊರ್ಬುಗಳು' ಎಂದೇ ಕರೆಯುತ್ತಿದ್ದರು. ಯೌವನದಲ್ಲಿ ಬಂದರಿನಿಂದ ಸ್ಟೀಮರ್ ಹತ್ತಿ ಮುಂಬಯಿಗೆ ಹೋಗಿ, ಹಗಲು ಆಫೀಸಿನಲ್ಲಿ ಗುಮಾಸ್ತಿಕೆ ಮಾಡಿ, ಸಂಜೆ ಮಾಹಿಮ್ ಕಡೆಯ ಮದುವೆಗಳಲ್ಲಿ ಊದಿ ಬಂದವರು ಅವರು. ಸ್ಟುಡಿಯೊಗಳಲ್ಲಿ ನುಡಿಸುವ ಅವಕಾಶ ಅವರಿಗೆ ಸಿಗಲಿಲ್ಲ. ಆದರೆ ಅಲ್ಲಿ ನುಡಿಸುತ್ತಿದ್ದವರ ಹೆಸರುಗಳನ್ನು ನಾನು ಮೊದಲು ಕೇಳಿದ್ದು ಅವರ ಬಾಯಿಯಿಂದಲೇ.

ಪೊರ್ಬುಗಳ ಬಳಿ ಒಂದು ಉದ್ದನೆಯ ಲೆಕ್ಕದ ಪುಸ್ತಕವಿತ್ತು. ಅದರಲ್ಲಿ ಅವರು ಅಡಿಪಟ್ಟಿ ಇಟ್ಟು ಮಸಿಯಲ್ಲಿ ಐದೈದು ಗೆರೆಗಳನ್ನು ತಾವೇ ಎಳೆದುಕೊಂಡು, ರೇಡಿಯೊದಲ್ಲಿ ಬರುವ ಹಾಡುಗಳ ನಡುವಣ ವಾದ್ಯದ ತುಣುಕುಗಳನ್ನು ಬರೆದಿಡುತ್ತಿದ್ದರು. ತಲೆಬರಹ ಮಾತ್ರ ಕನ್ನಡ ಅಕ್ಷರದಲ್ಲಿ. 1952ರಲ್ಲಿ ಬಿ.ವಿ. ಕೇಸ್ಕರ್ ಅವರು ಸಚಿವರಾಗಿದ್ದ ಕಾಲದಿಂದ ಕೆಲವು ವರ್ಷ ಆಕಾಶವಾಣಿ ಚಿತ್ರಗೀತೆಗಳನ್ನು ದೂರವಿಟ್ಟಿದ್ದರಿಂದ ಊರಿನವರ ಕಿವಿ ರೇಡಿಯೊ ಸಿಲೋನ್ ಕಡೆಗೆ ತಿರುಗಿತ್ತು, ವಿವಿಧ ಭಾರತಿ ಬಂದ ಮೇಲೂ ಆ ಅಭ್ಯಾಸ ಹೋಗಿರಲಿಲ್ಲ. ಹಾಡು ಒಮ್ಮೆ ಬಂದರೆ ಮತ್ತೆ ಯಾವಾಗ ಬರುತ್ತದೋ ತಿಳಿಯದು. ಆದ್ದರಿಂದ ಮೊದಲ ಸಲ ಕೈಗೆ ಸಿಗದ ಸ್ವರಗಳಿಗೆ ಅವರು ಜಾಗ ಖಾಲಿ ಬಿಡುತ್ತಿದ್ದರು. ಮುಂದಿನ ವಾರವೋ ತಿಂಗಳೋ ಅದೇ ಹಾಡು ಬಂದಾಗ ಕೈಗೆ ಸಿಕ್ಕ ಪೆನ್ನಿನಲ್ಲಿ ತುಂಬುತ್ತಿದ್ದರು. ಹಾಗಾಗಿ ಒಂದೇ ಸಾಲಿನಲ್ಲಿ ನೀಲಿ, ಕಪ್ಪು, ಸೀಸದಕಡ್ಡಿಯ ಬೂದು, ಮೂರೂ ಇರುತ್ತಿದ್ದವು. 'ಹಾಡನ್ನು ಎಲ್ಲರೂ ಕೇಳ್ತಾರೆ ಮಗಾ, ಅದರ ಅಡಿಯಲ್ಲಿ ಏನುಂಟು ಕೇಳು' ಎಂದು ಅವರು ಜಗಲಿಯಲ್ಲಿ ಕುಳಿತು, ಟ್ರಂಪೆಟ್ಟಿನ ಮೂರು ವಾಲ್ವುಗಳನ್ನು ಬಿಚ್ಚಿ ಎಣ್ಣೆ ಹಾಕುತ್ತಾ ಹೇಳುತ್ತಿದ್ದರು. ಹಾಡುಗಳನ್ನು ಕೇಳುವ ಕ್ರಮವನ್ನು ನನಗೆ ಕಲಿಸಿದ್ದು ಆ ಒಂದು ಮಾತು.

ಆ ಅಡಿಯಲ್ಲಿ ಇರುತ್ತಿದ್ದದ್ದು ಬಹುಮಟ್ಟಿಗೆ ಅರೇಂಜರುಗಳ ಕೆಲಸ. ಸಂಗೀತ ನಿರ್ದೇಶಕರು ಹಾರ್ಮೋನಿಯಂ ಮುಂದೆ ಕುಳಿತು ರಾಗವನ್ನು ಹಾಡಿ ತೋರಿಸುತ್ತಿದ್ದರು. ಅದನ್ನು ಸ್ವರಲಿಪಿಗೆ ಇಳಿಸಿ, ಪಿಟೀಲುಗಳಿಗೆ ಇದು, ಚೆಲ್ಲೊಗೆ ಇದು, ಟ್ರಂಪೆಟ್ಟಿಗೆ ಇದು ಎಂದು ಪ್ರತ್ಯೇಕ ಹಾಳೆಗಳನ್ನು ಬರೆದು, ಪಲ್ಲವಿಗೂ ಚರಣಕ್ಕೂ ನಡುವೆ ಸೇತುವೆ ಕಟ್ಟುತ್ತಿದ್ದವರು ಅರೇಂಜರುಗಳು. ಹಾಡುವವರೂ ನುಡಿಸುವವರೂ ಒಟ್ಟಿಗೆ ನಿಂತು ಧ್ವನಿಮುದ್ರಣ ಮಾಡುತ್ತಿದ್ದ ಕಾಲವದು; ಒಬ್ಬರು ತಪ್ಪಿದರೆ ಎಲ್ಲರೂ ಮೊದಲಿನಿಂದ ಶುರುಮಾಡಬೇಕಿತ್ತು. ಶಂಕರ್-ಜೈಕಿಶನ್ ಅವರ ಹಾಡುಗಳಿಗೆ ದೀರ್ಘಕಾಲ ಈ ಕೆಲಸ ಮಾಡಿದವರು ಸೆಬಾಸ್ಟಿಯನ್ ಡಿಸೋಜ. ದೇಶ ವಿಭಜನೆಗೆ ಮುನ್ನ ಲಾಹೋರಿನ ಸ್ಟಿಫಲ್ಸ್ ಹೋಟೆಲಿನಲ್ಲಿ ತಂಡ ನಡೆಸುತ್ತಿದ್ದ ಅವರು ನಂತರ ಮುಂಬಯಿಗೆ ಬಂದರು. ಗಾಯಕರ ದನಿಯ ಕೆಳಗೆ, ಅದನ್ನು ಮುಚ್ಚದೆ, ಅದರೊಡನೆ ಮಾತಾಡುವಂತೆ ಇನ್ನೊಂದು ರಾಗದ ಎಳೆಯನ್ನು ಪಿಟೀಲು ಚೆಲ್ಲೊಗಳಲ್ಲಿ ಹರಿಸುವುದರಲ್ಲಿ ಅವರದು ಎತ್ತಿದ ಕೈ. ಯಕ್ಷಗಾನದಲ್ಲಿ ಭಾಗವತರ ಪದಕ್ಕೆ ಚೆಂಡೆ ಮದ್ದಳೆ ಎಲ್ಲಿ ಏರಬೇಕು, ಎಲ್ಲಿ ಇಳಿದು ಪದಕ್ಕೆ ದಾರಿ ಬಿಡಬೇಕು ಎಂಬ ವಿವೇಕವನ್ನು ರಾತ್ರಿಯಿಡೀ ಕಂಡ ನಮ್ಮ ಕರಾವಳಿಯವರಿಗೆ ಈ ಸಂಯಮದ ಬೆಲೆಯನ್ನು ಬಿಡಿಸಿ ಹೇಳಬೇಕಿಲ್ಲ.

ಹೋಟೆಲುಗಳಲ್ಲಿ ಊದುತ್ತಿದ್ದವರು ಸ್ಟುಡಿಯೊಗಳತ್ತ ಹೊರಳಿದ್ದಕ್ಕೆ ಕಾಲವೂ ಕಾರಣವಾಯಿತು. 1947ರ ನಂತರ ಇಂಗ್ಲಿಷರು ಹೊರಟರು, ಅರಸರ ಆಸ್ಥಾನಗಳು ಮುಚ್ಚಿದವು. 1949ರ ಪಾನನಿರೋಧ ಕಾಯಿದೆ ಬಂದ ಮೇಲೆ ಮುಂಬಯಿಯ ರಾತ್ರಿ ಕುಣಿತಗಳಿಗೆ ಮಂಕು ಕವಿಯಿತು. ಅದೇ ಹೊತ್ತಿಗೆ ಚಿತ್ರರಂಗಕ್ಕೆ ದೊಡ್ಡ ವಾದ್ಯವೃಂದಗಳು ಬೇಕಾಗಿದ್ದವು. ಹೊಟ್ಟೆಪಾಡೇನೋ ನಡೆಯಿತು, ಹೆಸರು ಮಾತ್ರ ಹೋಯಿತು. ಧ್ವನಿಮುದ್ರಿಕೆಯ ಮೇಲೆ ಗಾಯಕರ, ಸಂಗೀತ ನಿರ್ದೇಶಕರ ಹೆಸರುಗಳಿದ್ದವೇ ಹೊರತು ಟ್ರಂಪೆಟ್ ಊದಿದವರ, ಹಾಳೆ ಬರೆದವರ ಹೆಸರುಗಳಿಗೆ ಜಾಗವಿರಲಿಲ್ಲ. ಇದು ಅನ್ಯಾಯವೆಂದೇ ನಾನು ತಿಳಿಯುತ್ತೇನೆ. ರಾಗ ಕಟ್ಟಿದವರ ಹಿರಿಮೆಗೆ ಇದರಿಂದ ಕುಂದೇನೂ ಬರುವುದಿಲ್ಲ. ಆದರೆ ಹಾಡೊಂದನ್ನು ನಾವು ಗುರುತು ಹಿಡಿಯುವುದು ಎಷ್ಟೋ ಸಲ ಅದರ ಆರಂಭದ ವಾದ್ಯದ ಸ್ವರಗಳಿಂದಲೇ, ಹಾಡುವ ದನಿ ಬರುವುದಕ್ಕೂ ಮೊದಲೇ.

ಇವರ ನಡುವೆ ನನಗೆ ಅತ್ಯಂತ ಗೌರವವಿರುವುದು ಆಂಟನಿ ಗೊನ್ಸಾಲ್ವಿಸ್ ಅವರ ಮೇಲೆ. ಗೋವೆಯ ಮಜೋರ್ಡಾದಲ್ಲಿ ಹುಟ್ಟಿದ ಈ ಪಿಟೀಲುಗಾರ ಇಗರ್ಜಿಯ ಗಾಯನವೃಂದ ನಡೆಸುತ್ತಿದ್ದ ತಂದೆಯಿಂದ ಸಂಗೀತ ಕಲಿತರು. ಮುಂಬಯಿಯಲ್ಲಿ ಪ್ಯಾರೇಲಾಲ್ ಮತ್ತು ಆರ್.ಡಿ. ಬರ್ಮನ್ ಅವರಿಗೆ ಕಲಿಸಿದವರು. ಬೇರೆಯವರ ರಾಗಗಳಿಗೆ ಹಾಳೆ ಬರೆಯುವುದಷ್ಟೇ ಅವರಿಗೆ ಸಾಕಾಗಲಿಲ್ಲ. ಹಿಂದೂಸ್ತಾನಿ ರಾಗಗಳಲ್ಲಿ ಮುಳುಗಿ, ಆ ರಾಗಗಳ ಮೇಲೆ ಪಾಶ್ಚಾತ್ಯ ವಾದ್ಯವೃಂದಕ್ಕಾಗಿ ಕೃತಿಗಳನ್ನು ರಚಿಸಿದರು. 1958ರಲ್ಲಿ ದೊಡ್ಡ ವಾದ್ಯವೃಂದವೊಂದನ್ನು ಕಟ್ಟಿ, ಲತಾ ಮತ್ತು ಮನ್ನಾ ಡೇ ಅವರನ್ನು ಗಾಯಕರಾಗಿ ನಿಲ್ಲಿಸಿ ಮುಂಬಯಿಯ ಸೇಂಟ್ ಝೇವಿಯರ್ಸ್ ಕಾಲೇಜಿನ ಅಂಗಳದಲ್ಲಿ ಅವುಗಳನ್ನು ನುಡಿಸಿದರು. ಹೋಟೆಲಿನ ಕುಣಿತಕ್ಕೂ ಅಲ್ಲ, ಸಿನಿಮಾಕ್ಕೂ ಅಲ್ಲ, ಸಂಗೀತಕ್ಕಾಗಿಯೇ ಮಾಡಿದ ಆ ಪ್ರಯತ್ನ ಮುಂದುವರಿಯಲಿಲ್ಲ ಎಂಬುದು ನನಗೆ ನಿಜವಾದ ನಷ್ಟವಾಗಿ ಕಾಣುತ್ತದೆ. ಅವರು 1960ರ ದಶಕದಲ್ಲಿ ಅಮೆರಿಕಕ್ಕೆ ಹೋದರು, ಮರಳಿದ ಮೇಲೆ ಚಿತ್ರರಂಗಕ್ಕೆ ಕಾಲಿಡದೆ ಮಜೋರ್ಡಾದಲ್ಲಿ ಉಳಿದರು, 2012ರಲ್ಲಿ ನಿಧನರಾದರು. 1977ರ 'ಅಮರ್ ಅಕ್ಬರ್ ಆಂಟನಿ'ಯಲ್ಲಿ ಅಮಿತಾಭ್ ಬಚ್ಚನ್ ಮೊಟ್ಟೆಯೊಳಗಿಂದ ಹೊರಬಂದು ಕೂಗಿ ಹೇಳುವ ಹೆಸರು ಇವರದೇ, ಶಿಷ್ಯ ಪ್ಯಾರೇಲಾಲ್ ಗುರುವಿಗೆ ಸಲ್ಲಿಸಿದ ವಂದನೆ. ದೇಶವೆಲ್ಲ ಆ ಹೆಸರನ್ನು ಹಾಡಿತು, ಹೆಸರಿನ ಒಡೆಯರನ್ನು ತಿಳಿದವರು ಎಷ್ಟು ಮಂದಿ?

ಜಾಝ್ ತನ್ನ ತಾಯ್ನಾಡಿನಿಂದ ಮತ್ತೆ ಮತ್ತೆ ಬಂದುಹೋಗುತ್ತಿತ್ತು. 1958ರಲ್ಲಿ ಡೇವ್ ಬ್ರೂಬೆಕ್, 1963ರಲ್ಲಿ ಡ್ಯೂಕ್ ಎಲಿಂಗ್ಟನ್ ಅಮೆರಿಕ ಸರ್ಕಾರದ ಪ್ರವಾಸದಲ್ಲಿ ಭಾರತಕ್ಕೆ ಬಂದಿದ್ದರು. ಅವರ ಬಗ್ಗೆ ಬರೆದವರು ಬೇಕಾದಷ್ಟಿದ್ದಾರೆ.

ಕರಾವಳಿಗೆ ಇನ್ನೂ ಹತ್ತಿರದ ಕಥೆ ಕೊಂಕಣಿ ಹಾಡಿನದು. ಚಿತ್ರಗಳಲ್ಲಿ ಅನಾಮಿಕರಾಗಿ ದುಡಿದ ಈ ವಾದಕರಲ್ಲಿ ಕೆಲವರು ತಮ್ಮ ಮಾತೃಭಾಷೆಗೆ ಮರಳಿದರು. ಟ್ರಂಪೆಟ್ ವಾದಕ ಫ್ರಾಂಕ್ ಫೆರ್ನಾಂಡ್ 1963ರಲ್ಲಿ 'ಆಮ್ಚೆಂ ನಶೀಬ್', 1966ರಲ್ಲಿ 'ನಿರ್ಮೊಣ್' ಎಂಬ ಕೊಂಕಣಿ ಚಿತ್ರಗಳನ್ನು ನಿರ್ಮಿಸಿದರು. ಟ್ರಂಪೆಟ್ಟೂ ಸ್ಯಾಕ್ಸೊಫೋನೂ ಬಲ್ಲ ಕ್ರಿಸ್ ಪೆರಿ ಜಾಝ್‌ನ ತಾಳ ಮತ್ತು ಸ್ವರಮೇಳವನ್ನು ಕೊಂಕಣಿ ಪದಗಳಿಗೆ ಹೊಂದಿಸಿ ಬರೆದ ಹಾಡುಗಳನ್ನು ಲೋರ್ನಾ ಕೊರ್ಡೇರೊ ಹಾಡಿದರು. 'ಬೆಬ್ದೊ' ಹಾಡಿನಲ್ಲಿ ಕುಡುಕನನ್ನು ಗದರಿಸುವ ಆ ದನಿಯ ತುಂಬುತನವನ್ನು ಭಾಷೆ ಬಾರದವರೂ ಅನುಭವಿಸಬಲ್ಲರು. ಕಾಲಾಂತರದಲ್ಲಿ ಲೋರ್ನಾ ವೇದಿಕೆಯಿಂದ ಪೂರ್ಣ ದೂರವಾಗಿ, ಎರಡು ದಶಕಗಳಿಗೂ ಹೆಚ್ಚು ಕಾಲದ ನಂತರ 1995ರಲ್ಲಿ ಗೋವೆಯಲ್ಲಿ ಮತ್ತೆ ಹಾಡಿದರು. ಅವರನ್ನು ಕರೆತಂದವರು ಟ್ರಂಪೆಟ್ ವಾದಕ ಪೀಟರ್ ಮೊನ್ಸೆರಾಟೆ ಅವರ ಮಗ ರೋನಿ. ಇತ್ತ ಮಂಗಳೂರಿನಲ್ಲಿ 'ಕೊಂಕಣ ಕೋಗಿಳೆ' ಎನಿಸಿದ ವಿಲ್ಫಿ ರೆಬಿಂಬಸ್ ನಮ್ಮ ಊರಿನ ಕೊಂಕಣಿಯಲ್ಲಿ ಹಾಡು ಕಟ್ಟಿ, ತಮ್ಮ ಹೆಸರಿನ ಸಂಗೀತ ಸಂಜೆಗಳಲ್ಲಿ ಜನ ಕಿಕ್ಕಿರಿಯುವಂತೆ ಮಾಡಿದರು. ಇಲ್ಲಿನ ಮದುವೆಗಳಲ್ಲಿ ಬಯ್ಲಾ ಶುರುವಾಗಿ ಅಜ್ಜಿಯಂದಿರೂ ಎದ್ದು ಹೆಜ್ಜೆ ಹಾಕುವಾಗ, ಆ ಬ್ಯಾಂಡಿನ ಟ್ರಂಪೆಟ್ಟಿನಲ್ಲಿ ಇವರೆಲ್ಲರ ಪಾಲೂ ಇದೆ.

ಕೇಳಿ ನೋಡಬೇಕೆನ್ನುವವರಿಗೆ ನನ್ನ ಸಲಹೆ, 1955ರ 'ಶ್ರೀ 420' ಚಿತ್ರದ 'ಮುಡ್ ಮುಡ್ ಕೆ ನ ದೇಖ್'. ಆಶಾ ಭೋಸ್ಲೆ ನಿಧಾನವಾಗಿ ಶುರುಮಾಡುವ ಹಾಡು ನಡುವೆ ನಡೆ ಬದಲಿಸಿ ವೇಗ ಹಿಡಿಯುತ್ತದೆ, ಮನ್ನಾ ಡೇ ಜೊತೆಗೂಡುತ್ತಾರೆ. ಮೊದಲ ಸಲ ಹಾಡಿಗಾಗಿ ಕೇಳಿ. ಎರಡನೆಯ ಸಲ ಸಾಧ್ಯವಾದರೆ ಕಿವಿಗೆ ಇಯರ್‌ಫೋನ್ ಹಾಕಿಕೊಂಡು, ಪದಗಳನ್ನು ಬಿಟ್ಟು, ಹಿತ್ತಾಳೆಯ ವಾದ್ಯಗಳು ಎಲ್ಲಿ ಒಳಗೆ ಬರುತ್ತವೆ, ದನಿ ಉಸಿರು ತೆಗೆದುಕೊಳ್ಳುವಷ್ಟು ಹೊತ್ತಿನಲ್ಲಿ ಏನು ಹೇಳಿ ಹಿಂದೆ ಸರಿಯುತ್ತವೆ ಎಂಬುದನ್ನಷ್ಟೇ ಹಿಂಬಾಲಿಸಿ. ಬಳಿಕ 'ಅಲ್ಬೇಲಾ'ಕ್ಕೆ ಬನ್ನಿ. ಅಲ್ಲಿ ಚಿಕ್ ಚಾಕಲೇಟ್ ಅವರನ್ನು ಕಣ್ಣಾರೆ ನೋಡಬಹುದು. ಮನೆಯಲ್ಲಿ ಮುಂಬಯಿಗೆ ಹೋಗಿ ಬ್ಯಾಂಡಿನಲ್ಲಿ ನುಡಿಸಿ ಬಂದ ಹಿರಿಯರಿದ್ದರೆ, ಅಟ್ಟದ ಮೇಲೆ ಅಂಥವರ ಕೈಬರಹದ ಸ್ವರದ ಪುಸ್ತಕಗಳಿದ್ದರೆ, ಈ ಮಳೆಗಾಲಕ್ಕೆ ಮುನ್ನ ಕೆಳಗಿಳಿಸಿ ಒಂದೊಂದು ಪುಟದ ಫೋಟೊ ತೆಗೆದಿಡಿ, ಬರೆದವರ ಹೆಸರನ್ನೂ ಊರನ್ನೂ ಮೊದಲ ಪುಟದಲ್ಲೇ ಗುರುತು ಹಾಕಿ.